ಸೀಮೆಸುಣ್ಣದ ಗೆರೆ: ಇಗರ್ಜಿಯ ಗುರುಗಳಿಗೊಂದು ಬಹಿರಂಗ ಪತ್ರ

ಕರಾವಳಿಯ ಇಗರ್ಜಿಗಳ ಪೂಜ್ಯ ಧರ್ಮಗುರುಗಳಿಗೂ ಪಾಲನಾ ಪರಿಷತ್ತಿನ ಹಿರಿಯರಿಗೂ ವಂದನೆಗಳು.

ನಾನು ಕ್ರೈಸ್ತನಲ್ಲ. ನನ್ನ ಮನೆಮಾತು ತುಳು. ಆದರೂ ನಮ್ಮೂರಿನ ದೇವಸ್ಥಾನದಲ್ಲಿ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಮ್ಮ ಇಗರ್ಜಿಗಳಲ್ಲಿ ನಿಂತಿದ್ದೇನೆ. ಮಂಗಳೂರು, ಉಡುಪಿ ಸುತ್ತಿನ ಮದುವೆಗಳ ಫೋಟೋ ತೆಗೆಯುವುದು ಮೂವತ್ತೊಂದು ವರ್ಷಗಳಿಂದ ನನ್ನ ಕಸುಬು. ನಿಮ್ಮ ಪೂಜೆಯ ಕೊಂಕಣಿ ಮಾತುಗಳು ನನಗೆ ಬಾಯಿಪಾಠವಾಗಿವೆ. ಯಾವ ಮಾತಿಗೆ ಜನ ಏಳುತ್ತಾರೆ, ಯಾವ ಮಾತಿಗೆ ಮಂಡಿಯೂರುತ್ತಾರೆ ಎಂಬುದು ನನ್ನ ಕಾಲಿಗೇ ತಿಳಿದಿದೆ. ಪೂಜೆಯ ಹೊತ್ತಿನಲ್ಲಿ ಫೋಟೋ ತೆಗೆಯುವ ನಿಯಮದ ಬಗ್ಗೆ ಈ ಸಲುಗೆಯಿಂದಲೇ ಬರೆಯುತ್ತಿದ್ದೇನೆ.

ಕಾರಣ, ಕಳೆದ ಮೇ ತಿಂಗಳಿನ ಒಂದು ಮದುವೆ. ಅಲ್ಲಿಗೆ ನಾನು ಕೆಲಸಕ್ಕೆ ಹೋದವನಲ್ಲ. ಮದುಮಗನ ತಂದೆ ನನ್ನ ಹಳೆಯ ಗೆಳೆಯ, ಹಾಗಾಗಿ ಹೋಗಿದ್ದೆ. ಫೋಟೋ ತೆಗೆಯುತ್ತಿದ್ದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ವಧೂವರರು ಕೈ ಹಿಡಿದು ವಚನ ಹೇಳುವ ಹೊತ್ತಿಗೆ ಅವರ ಮುಖ ಸಿಗಲೆಂದು ಅವನು ಮೆಟ್ಟಿಲು ಹತ್ತಿ, ಗುರುಗಳ ಬೆನ್ನ ಹಿಂದೆ, ಪೂಜೆ ನಡೆಯುವ ಮೇಜಾದ ಬಲಿಪೀಠಕ್ಕೆ ಒರಗಿಕೊಂಡಂತೆ ನಿಂತ. ಗುರುಗಳು ತಿರುಗಿ ನೋಡಿದರು. ಪೂಜೆ ನಿಂತಿತು. ಮೈಕಿನಲ್ಲಿಯೇ, ಐನೂರು ಜನರ ಎದುರು, "ಇಳಿ ಕೆಳಗೆ. ಇದೇನು ನಿನ್ನ ಸ್ಟುಡಿಯೋ ಎಂದುಕೊಂಡೆಯಾ?" ಎಂದರು. ಹುಡುಗ ಕೆಂಪಾಗಿ ಇಳಿದ. ಮದುಮಗಳ ತುಟಿ ನಡುಗಿತು, ಹೇಳಬೇಕಾದ ಮಾತು ಮರೆತುಹೋಯಿತು, ಗುರುಗಳು ಒಂದೊಂದೇ ಪದ ಹೇಳಿಕೊಟ್ಟರು.

ಆಮೇಲೆ ಸಭಾಭವನದ ಮೂಲೆಯಲ್ಲಿ ಅವನು ಊಟವನ್ನೂ ಮಾಡದೆ ಕೂತಿದ್ದ. ಹತ್ತಿರ ಹೋದೆ. "ಅಣ್ಣಾ, ಅಲ್ಲಿಗೆ ಹತ್ತಬಾರದು ಎಂದು ಯಾರೂ ಹೇಳಿರಲಿಲ್ಲ," ಎಂದ.

ತಪ್ಪು ಅವನದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಹೇಳಿದ್ದೂ ನಿಜ. ನಾನು ಕೆಲಸ ಮಾಡಿದ ಇಗರ್ಜಿಗಳಲ್ಲಿ ಹೆಚ್ಚಿನ ಕಡೆ ನಿಯಮ ನಮಗೆ ತಿಳಿಯುವುದು ಅದನ್ನು ಮುರಿದ ಗಳಿಗೆಯಲ್ಲಿ, ಪೀಠದ ಮೇಲಿನಿಂದ ಬರುವ ಗದರಿಕೆಯಾಗಿ. ಒಂದು ಕಡೆ ಪೀಠದ ಪಕ್ಕದವರೆಗೂ ಬರಬಹುದು. ಮೂರು ಮೈಲಿ ಆಚೆ ಇನ್ನೊಂದು ಕಡೆ ನಾಲ್ಕನೆಯ ಬೆಂಚಿನಿಂದ ಮುಂದೆ ಬರುವಂತಿಲ್ಲ. ಗುರುಗಳ ವರ್ಗಾವಣೆಯಾದರೆ ಪದ್ಧತಿಯೂ ಬದಲಾಗುತ್ತದೆ. ಮುಂಚಿತವಾಗಿ ಕೇಳುವ ಪರಿಪಾಠ ನಮ್ಮಲ್ಲಿ ಇಲ್ಲ, ಮುಂಚಿತವಾಗಿ ಹೇಳುವ ಪರಿಪಾಠ ನಿಮ್ಮಲ್ಲಿ ಇಲ್ಲ. ಈ ಎರಡು 'ಇಲ್ಲ'ಗಳ ನಡುವೆ ಸಿಕ್ಕಿಕೊಂಡು ನಲುಗುವುದು ಮಾತ್ರ ಮದುವೆಯ ಪೂಜೆ.

ನನಗೆ ಹೇಳಿಕೊಟ್ಟವರಿದ್ದರು. ಅದು ನನ್ನ ಅದೃಷ್ಟ. ಈ ವೃತ್ತಿಗೆ ಬಂದ ಮೊದಲ ವರ್ಷ, ಫಿಲ್ಮಿನ ಕಾಲ. ರೋಲಿಗೆ 36 ಫೋಟೋ, ಮದುವೆಗೆ ನಾಲ್ಕೈದು ರೋಲು, ಒಂದು ಕ್ಲಿಕ್ಕಿಗೆ ನಾಲ್ಕು ಸಲ ಯೋಚಿಸುವ ಕಾಲ. ಆಗಿನ ಫ್ಲ್ಯಾಶ್ ಒಮ್ಮೆ ಮಿಂಚಿದರೆ ಮತ್ತೆ ಚಾರ್ಜ್ ಆಗುವವರೆಗೆ ಕುಯ್ಯೆಂದು ಸಣ್ಣಗೆ ಕೂಗುತ್ತಿತ್ತು. ಒಂದು ಹಳ್ಳಿಯ ಇಗರ್ಜಿಯಲ್ಲಿ ಗುರುಗಳು ರೊಟ್ಟಿಯನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿದರು, ಪೂಜೆಗೆ ಸಹಾಯ ಮಾಡುವ ಹುಡುಗ ಕೈಗಂಟೆ ಬಾರಿಸಿದ. ಒಳ್ಳೆಯ ಚಿತ್ರವೆಂದು ನಾನು ಹೊಡೆದೆ. ಇಡೀ ಗೋಡೆ ಬೆಳ್ಳಗಾಯಿತು. ಗಂಟೆಯ ಸದ್ದು ಅಡಗಿದ ಮೇಲೂ ಆ ಮೌನದಲ್ಲಿ ನನ್ನ ಫ್ಲ್ಯಾಶಿನ ಕೂಗು ಮಾತ್ರ ಕೇಳಿಸುತ್ತಿತ್ತು.

ಪೂಜೆ ಮುಗಿದ ಮೇಲೆ ಗುರುಗಳು ಕರೆಸಿದರು. ವಯಸ್ಸಾದವರು. ಉಡುಪು ಬದಲಿಸುವ ಕೋಣೆಯಲ್ಲಿ ಕೂರಿಸಿ ಹಾಲಿಲ್ಲದ ಚಹಾ ಕೊಟ್ಟರು. ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವರು ಕೇಳಿದ್ದು ಇಷ್ಟು: "ಗಂಟೆ ಬಾರಿಸಿದಾಗ ಇಗರ್ಜಿಯಲ್ಲಿ ಎಲ್ಲರೂ ಮಂಡಿಯೂರಿದ್ದರು. ನಿಂತಿದ್ದವನು ನೀನೊಬ್ಬನೇ. ಅವರೆಲ್ಲ ಯಾಕೆ ಮಂಡಿಯೂರಿದರೆಂದು ಗೊತ್ತೇ?"

ಗೊತ್ತಿರಲಿಲ್ಲ. ಅವರು ಹೇಳಿದರು. ಗುರು ರೊಟ್ಟಿಯ ಮೇಲೆ ಯೇಸುವಿನ ಮಾತುಗಳನ್ನು ಹೇಳಿದ ಮೇಲೆ ನಮಗೆ ಅದು ರೊಟ್ಟಿಯಲ್ಲ, ನಮ್ಮ ಪ್ರಭುವೇ, ಎಂದರು. ನೀನು ನಂಬಬೇಕಾಗಿಲ್ಲ, ನಂಬಿದವರ ನಡುವೆ ನಿಂತಿದ್ದೇನೆ ಎಂಬುದು ನೆನಪಿದ್ದರೆ ಸಾಕು, ಎಂದರು. ಆಮೇಲೆ ಪೂಜೆಯ ಆರಂಭದಿಂದ ಕೊನೆಯವರೆಗೆ ಏನೇನು, ಯಾವುದರ ನಂತರ ಯಾವುದು ಎಂದು ಹತ್ತು ನಿಮಿಷದಲ್ಲಿ ವಿವರಿಸಿದರು. ಮುಂದಿನ ವಾರ ಅದೇ ಇಗರ್ಜಿಯಲ್ಲಿ ಇನ್ನೊಂದು ಮದುವೆ. ನಾನು ಹೋಗುವಷ್ಟರಲ್ಲಿ ಅವರು ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿಟ್ಟಿದ್ದರು. ಬಗ್ಗಿ ಎಳೆದದ್ದಕ್ಕೆ ಅವರ ಬಿಳಿ ನಿಲುವಂಗಿಯ ಅಂಚಿಗೆ ಧೂಳು ಹತ್ತಿತ್ತು. "ಇಲ್ಲಿಂದ ಈಚೆಗೆ ಬೇಡ. ಆಚೆ ಎಲ್ಲಿ ಬೇಕಾದರೂ ನಿಲ್ಲು. ಮೇಲೆ ಹಾಡುವವರ ಮಾಳಿಗೆಗೆ ಹೋಗುವುದಾದರೆ ಬೀಗದ ಕೈ ನನ್ನ ಹತ್ತಿರ ಇದೆ."

ಆ ಮಾಳಿಗೆಯಿಂದ ತೆಗೆದ ಮದುವೆಯ ಚಿತ್ರ ಈಗಲೂ ನನ್ನ ಅಂಗಡಿಯ ಗೋಡೆಯ ಮೇಲಿದೆ.

ದೇವಸ್ಥಾನದಲ್ಲಿ ಬೆಳೆದ ನನಗೆ ಒಂದು ವಿಷಯ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಗರ್ಭಗುಡಿಗೆ ಕ್ಯಾಮೆರಾ ಹೋಗಬಾರದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಹೊಸ್ತಿಲಿದೆ, ಬಾಗಿಲಿದೆ, ಒಳಗೆ ಕತ್ತಲಿದೆ. ಹೊಸ್ತಿಲೇ ನಿಯಮ. ನಿಮ್ಮ ಗರ್ಭಗುಡಿಗೆ ಬಾಗಿಲಿಲ್ಲ. ಎಲ್ಲರ ಕಣ್ಣೆದುರು, ದೀಪ ಹೂವುಗಳ ನಡುವೆ, ಎರಡೋ ಮೂರೋ ಮೆಟ್ಟಿಲ ಮೇಲೆ ಬಲಿಪೀಠ ತೆರೆದುಕೊಂಡಿದೆ. ಆ ತೆರೆದ ಮನಸ್ಸು ನನಗೆ ಇಷ್ಟ. ಆದರೆ ಹೊರಗಿನಿಂದ ಬಂದ ಹುಡುಗನ ಕಣ್ಣಿಗೆ ಅದು ಮದುವೆ ಮಂಟಪದ ವೇದಿಕೆಯಂತೆಯೇ ಕಾಣುತ್ತದೆ. ಹಿಂದೆ ಪೀಠದ ಮುಂದೆ ಮಂಡಿಯೂರಿ ಪ್ರಸಾದ ಸ್ವೀಕರಿಸಲು ಅಡ್ಡಗಂಬಿಯಂಥ ಕಟಕಟೆ ಇರುತ್ತಿತ್ತು. ಕಥೋಲಿಕ ಧರ್ಮಸಭೆಯ 1960ರ ದಶಕದ ಸುಧಾರಣೆಗಳ ನಂತರ ಅನೇಕ ಇಗರ್ಜಿಗಳಲ್ಲಿ ಅದನ್ನು ತೆಗೆದರು. ತೆಗೆದದ್ದು ಸರಿಯೋ ತಪ್ಪೋ ಹೇಳಲು ನಾನು ಯಾರೂ ಅಲ್ಲ. ನನ್ನಂಥವನಿಗೆ "ಇಲ್ಲಿಗೆ ನಿಲ್ಲು" ಎಂದು ಹೇಳುತ್ತಿದ್ದ ವಸ್ತು ಅದೊಂದೇ ಆಗಿತ್ತು, ಅಷ್ಟೇ.

ಈ ಚಿಂತೆ ಹೊಸದಲ್ಲ ಎಂಬುದು ಒಬ್ಬ ಕಿರಿಯ ಗುರುಗಳಿಂದ ತಿಳಿಯಿತು. ರೋಮ್‌ನಿಂದ 1967ರ ಮೇ 25ರಂದು ಪರಮಪ್ರಸಾದದ, ಅಂದರೆ ಗುರುಗಳು ಮೇಲಕ್ಕೆತ್ತುವ ಆ ಪ್ರಸಾದದ, ಆರಾಧನೆ ಕುರಿತು ಹೊರಟ ಸೂಚನೆಯಲ್ಲಿ ಫೋಟೋಗಳ ಬಗ್ಗೆಯೇ ಒಂದು ಮಾತಿದೆಯೆಂದು ಅವರು ಓದಿ ಹೇಳಿದರು. ಆರಾಧನೆಗೆ, ಅದರಲ್ಲೂ ಬಲಿಪೂಜೆಗೆ, ಫೋಟೋ ತೆಗೆಯುವುದರಿಂದ ಭಂಗ ಬಾರದಂತೆ ಬಹಳ ಎಚ್ಚರ ವಹಿಸಬೇಕು. ತಕ್ಕ ಕಾರಣವಿದ್ದಲ್ಲಿ ಅತ್ಯಂತ ಸಂಯಮದಿಂದ, ಸ್ಥಳೀಯ ಧರ್ಮಾಧ್ಯಕ್ಷರು (ಬಿಷಪ್) ಗೊತ್ತುಮಾಡಿದ ನಿಯಮದಂತೆ ತೆಗೆಯಬೇಕು ಎಂಬುದು ಅದರ ಸಾರ. ಕೇಳಿ ನನಗೆ ನೆಮ್ಮದಿಯಾಯಿತು. ಅದು ನಮ್ಮನ್ನು ಹೊರಗೆ ಹಾಕುವುದಿಲ್ಲ. ನಿಯಮ ಇರಲಿ, ಅದನ್ನು ನೀವು ಹೇಳಿ, ನಾವು ಪಾಲಿಸುತ್ತೇವೆ ಎನ್ನುತ್ತದೆ. ನಾನು ಈ ಪತ್ರದಲ್ಲಿ ಕೇಳುತ್ತಿರುವುದೂ ಅದಕ್ಕಿಂತ ಹೆಚ್ಚಿನದೇನಲ್ಲ.

ಅವರೇ ಇನ್ನೊಂದು ವಿಷಯ ಹೇಳಿದರು. ಮದುವೆಯ ಸಂಸ್ಕಾರವನ್ನು ನಡೆಸುವವರು ಗುರುಗಳಲ್ಲವಂತೆ. ವಧು ವರನಿಗೆ, ವರ ವಧುವಿಗೆ, ಒಬ್ಬರಿಗೊಬ್ಬರು ಆ ಸಂಸ್ಕಾರವನ್ನು ಕೊಡುತ್ತಾರೆ. ಗುರುಗಳು ಧರ್ಮಸಭೆಯ ಪರವಾಗಿ ಅದಕ್ಕೆ ಸಾಕ್ಷಿ. ಇಷ್ಟು ವರ್ಷ ಆ ಗಳಿಗೆಯಲ್ಲಿ "ಸ್ವಲ್ಪ ಇತ್ತ ತಿರುಗಿ, ಇಲ್ಲಿ ನೋಡಿ ಹೇಳಿ" ಎಂದು ನಾನು ಎಷ್ಟು ಜೋಡಿಗಳಿಗೆ ಹೇಳಿದ್ದೆ! ಒಬ್ಬರಿಗೊಬ್ಬರು ಕೊಡಬೇಕಾದ ಮಾತನ್ನು ನನ್ನ ಲೆನ್ಸಿಗೆ ಕೊಡಿಸಿದ್ದೆ. ಅಂದಿನಿಂದ ಬಿಟ್ಟೆ. ಮದುವೆಯ ಪೂಜೆ ನಡೆಯುವಾಗ ನನ್ನ ಬಾಯಿಂದ ಒಂದು ಪದವೂ ಹೊರಡುವುದಿಲ್ಲ.

ಮೇಲಿನ ಮಾಳಿಗೆಯಿಂದ ನಿಂತು ನೋಡಿದವನಿಗೆ ಕೆಳಗಿನವರಿಗೆ ಕಾಣದ್ದು ಕಾಣುತ್ತದೆ. ಎರಡು ವರ್ಷಗಳ ಹಿಂದೆ ಒಂದು ಮದುವೆ. ಕೆಳಗೆ ನನ್ನ ಸಹಾಯಕನಲ್ಲದೆ ವರನ ಕಡೆಯ ವೀಡಿಯೊದವರು ಇಬ್ಬರು, ವಧುವಿನ ಕಡೆಯವರು ಒಬ್ಬರು, ಎಲ್‌ಇಡಿ ದೀಪ ಹಿಡಿದವನೊಬ್ಬ. ಎರಡನೆಯ ಬೆಂಚಿನಲ್ಲಿ ಮದುಮಗಳ ಅಜ್ಜಿ, ನಮ್ಮ ತುಳುವಿನಲ್ಲಿ ಗೌರವದಿಂದ ಹೇಳುವ ಹಾಗೆ, ಬಾಯಮ್ಮ. ತೊಂಬತ್ತರ ಹತ್ತಿರ ಇರಬಹುದು. ಉಂಗುರ ತೊಡಿಸುವ ಹೊತ್ತಿಗೆ ಅವರು ಮುಂದಿನ ಬೆಂಚನ್ನು ಹಿಡಿದು ಕಷ್ಟಪಟ್ಟು ಎದ್ದು ನಿಂತರು. ಎದುರಿಗೆ ನಾಲ್ಕು ಕಪ್ಪು ಅಂಗಿಯ ಬೆನ್ನುಗಳು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಒಂದು ಬೆನ್ನು ಸರಿಯುವಷ್ಟರಲ್ಲಿ ಉಂಗುರ ತೊಡಿಸಿ ಆಗಿತ್ತು. ಅವರು ಮೆಲ್ಲಗೆ ಕೂತು ಜಪಮಾಲೆಯನ್ನು ಮತ್ತೆ ಬೆರಳಿಗೆ ಸುತ್ತಿಕೊಂಡರು. ನಾಲ್ಕು ತಿಂಗಳ ಮೇಲೆ ಆಲ್ಬಮ್ ಕೊಡಲು ಅವರ ಮನೆಗೆ ಹೋದಾಗ, ಆ ಪುಟವನ್ನು ಅವರು ಬಹಳ ಹೊತ್ತು ಬೆರಳಿನಿಂದ ಸವರಿದರು. "ಚಂದ ಬಂದಿದೆ ಮಗಾ, ನಾನು ನೋಡಿಯೇ ಇರಲಿಲ್ಲ," ಎಂದರು. ಅವರು ಇಗರ್ಜಿಯಲ್ಲೇ ಇದ್ದರಲ್ಲ!

ನಾವು ಇಷ್ಟು ಹತ್ತಿರ ಬರಬೇಕಾದ ಅಗತ್ಯವೇ ಈಗ ಉಳಿದಿಲ್ಲ. ವೃತ್ತಿಯವನಾಗಿ ಹೇಳುತ್ತೇನೆ, ಈ ಮಾತನ್ನು ದಯವಿಟ್ಟು ಗಮನಿಸಿ. ಈಗಿನ ಒಳ್ಳೆಯ ಕ್ಯಾಮೆರಾದಲ್ಲಿ ಕಡಿಮೆ ಬೆಳಕಿಗೆಂದು ಐಎಸ್‌ಒ (ಬೆಳಕಿನ ಸಂವೇದನೆ) 6400 ಇಟ್ಟರೂ ಆಲ್ಬಮಿಗೆ ಒಪ್ಪುವ ಚಿತ್ರ ಬರುತ್ತದೆ. ಕಿಟಕಿಯ ಬೆಳಕು, ಪೀಠದ ದೀಪ ಸಾಕು. ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್ ಇದ್ದವನಿಗೆ ಐದನೆಯ ಬೆಂಚಿನ ಬದಿಯಿಂದಲೇ ಉಂಗುರದ ಬೆರಳು ಸಿಗುತ್ತದೆ. ಶಟರ್ ಸದ್ದೇ ಬಾರದ ಹಾಗೆ ಮಾಡಬಹುದು. ಕೆಲವು ಎಲ್‌ಇಡಿ ದೀಪಗಳ ಬೆಳಕಿನಲ್ಲಿ ಮಾತ್ರ ಹಾಗೆ ತೆಗೆದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ, ಅದನ್ನು ಮೊದಲೇ ಬಂದು ಪರೀಕ್ಷಿಸಿಕೊಂಡರಾಯಿತು. ಹಾಗಾಗಿ ಯಾರಾದರೂ "ಫ್ಲ್ಯಾಶ್ ಇಲ್ಲದೆ ಆಗುವುದೇ ಇಲ್ಲ ಫಾದರ್" ಎಂದರೆ, "ಆಗುತ್ತದೆ" ಎಂದು ನನ್ನ ಹೆಸರಿನಲ್ಲಿ ಹೇಳಿ.

ಮತ್ತೆ ಯಾಕೆ ಮುನ್ನುಗ್ಗುತ್ತೇವೆ? ಭಯದಿಂದ. ಆಲ್ಬಮ್ ತೆರೆದ ಮನೆಯವರು ಮೊದಲು ಕೇಳುವುದು "ಪರಮಪ್ರಸಾದ ತೆಗೆದುಕೊಳ್ಳುವ ಕ್ಲೋಸಪ್ ಇಲ್ಲವೇ? ನನ್ನ ನಾದಿನಿಯ ಮದುವೆಯ ಆಲ್ಬಮಿನಲ್ಲಿ ಇದೆಯಲ್ಲ" ಎಂದು. ಬಾಕಿ ಹಣ ಅಲ್ಲಿಗೆ ನಿಲ್ಲುತ್ತದೆ. "ಗುರುಗಳು ಬಿಡಲಿಲ್ಲ" ಎಂದರೆ, "ನೀವು ಕೇಳಿದ್ದೀರಾ?" ಎನ್ನುತ್ತಾರೆ. ಇಗರ್ಜಿಯ ಮೊಹರಿರುವ ಒಂದು ಹಾಳೆ ನನ್ನ ಕೈಯಲ್ಲಿದ್ದರೆ ಅದನ್ನು ಮುಂದಿಡುತ್ತೇನೆ, ಮಾತು ಮುಗಿಯುತ್ತದೆ. ನಿಯಮವನ್ನು ನೀವು ನಮ್ಮ ಮೇಲಿನ ಕಡಿವಾಣ ಎಂದುಕೊಂಡು ಹಿಂಜರಿಯಬೇಡಿ. ಕೂಲಿಗೆ ದುಡಿಯುವ ನಮಗೆ ಅದೇ ಆಸರೆ.

ಮೊದಲ ಪರಮಪ್ರಸಾದದ ದಿನ ಇದು ಇನ್ನೂ ಕಠಿಣ. ಬಿಳಿ ಉಡುಪಿನ ಒಂಬತ್ತು ಹತ್ತು ವರ್ಷದ ಮಕ್ಕಳು, ತಿಂಗಳುಗಟ್ಟಲೆ ತಯಾರಿ. ಒಂದು ಹುಡುಗಿ ನಾಲಿಗೆಯ ಮೇಲೆ ಪ್ರಸಾದ ಇಟ್ಟುಕೊಂಡ ಕೂಡಲೇ ಅವಳ ತಂದೆ ಬದಿಯಿಂದ "ಇತ್ತ, ಇತ್ತ" ಎಂದರು. ಮಗು ಬಾಯಿ ಅರ್ಧ ತೆರೆದೇ ತಿರುಗಿ ನಕ್ಕಿತು. ನಾನು ಕ್ಲಿಕ್ಕಿಸಿದೆ, ಅವರು ಕೇಳಿದ್ದರಿಂದ. ಚಿತ್ರದಲ್ಲಿ ಅವಳ ಕೈಗಳು ಇನ್ನೂ ಮುಗಿದೇ ಇವೆ, ಮುಖ ಮಾತ್ರ ನನ್ನ ಕಡೆಗಿದೆ. ಅದನ್ನು ನಾನು ಅವರಿಗೆ ಕೊಡಬಾರದಿತ್ತು. ಕೊಟ್ಟೆ.

ನಮ್ಮನ್ನಷ್ಟೇ ಹೇಳಿದರೆ ಸಾಲದು, ಮೊಬೈಲ್‌ಗಳ ಬಗ್ಗೆಯೂ ಹೇಳಬೇಕು. ಮದುಮಗಳು ತಂದೆಯ ಕೈ ಹಿಡಿದು ನಡುದಾರಿಯಲ್ಲಿ ಬರುವಾಗ ಎರಡೂ ಕಡೆಯಿಂದ ಮೊಬೈಲ್ ಹಿಡಿದ ಕೈಗಳು ಚಾಚುತ್ತವೆ. ಅವಳಿಗೆ ತನ್ನ ಮಾವ, ಚಿಕ್ಕಮ್ಮ, ಗೆಳತಿ ಯಾರ ಮುಖವೂ ಕಾಣುವುದಿಲ್ಲ. 2017ರ ನವೆಂಬರ್ 8ರಂದು ಪೋಪ್ ಫ್ರಾನ್ಸಿಸ್ ಅವರು ಬಲಿಪೂಜೆಯ ಕುರಿತು ಉಪದೇಶಮಾಲೆ ಆರಂಭಿಸಿದಾಗ ಇದನ್ನು ನೇರವಾಗಿ ಎತ್ತಿದ್ದರು: ಗುರುಗಳು ಹೃದಯಗಳನ್ನು ಮೇಲಕ್ಕೆತ್ತಿರಿ ಎನ್ನುತ್ತಾರೆ, ಫೋಟೋ ತೆಗೆಯಲು ಮೊಬೈಲ್ ಎತ್ತಿರಿ ಎನ್ನುವುದಿಲ್ಲ ಎಂದು. ಭಕ್ತರಷ್ಟೇ ಅಲ್ಲ, ಕೆಲವು ಗುರುಗಳೂ ಧರ್ಮಾಧ್ಯಕ್ಷರೂ ಹಾಗೆ ಮಾಡುವುದನ್ನು ಕಂಡು ದುಃಖವಾಗುತ್ತದೆ ಎಂದೂ ಅವರು ಸೇರಿಸಿದರು. ಆ ಕೊನೆಯ ಮಾತನ್ನು ಇಲ್ಲಿ ಬರೆಯಲು ನನಗೆ ಸಂಕೋಚವಿದೆ. ಆದರೆ ದೊಡ್ಡ ಪೂಜೆಗಳಲ್ಲಿ ಪೀಠದ ಸುತ್ತ ನಿಂತವರ ನಿಲುವಂಗಿಯೊಳಗಿನಿಂದ ಮೊಬೈಲ್ ಹೊರಬರುವುದನ್ನು ನನ್ನ ಲೆನ್ಸ್ ಕಂಡಿದೆ. ಬೆಂಚಿನಲ್ಲಿ ಕೂತವರು ನಿಮ್ಮನ್ನು ನೋಡಿಯೇ ಕಲಿಯುತ್ತಾರೆ.

1963ರ ಡಿಸೆಂಬರ್‌ನಲ್ಲಿ ಜಗತ್ತಿನ ಧರ್ಮಾಧ್ಯಕ್ಷರು ರೋಮ್‌ನಲ್ಲಿ ಕೂಡಿದ ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗ್ಗೆ ಹೇಳಿದಾಗ, ಭಕ್ತರು ಅಲ್ಲಿ ಅಪರಿಚಿತರಂತೆ, ಮೂಕ ಪ್ರೇಕ್ಷಕರಂತೆ ಇರಬಾರದು ಎಂದಿತ್ತಂತೆ. ಆ ಮಾತಿಗಾಗಿಯೇ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂದಿತು, ಕೊಂಕಣಿಗೆ, ಕನ್ನಡಕ್ಕೆ. ಇಷ್ಟೆಲ್ಲ ಮಾಡಿ ಹತ್ತಿರ ತಂದದ್ದನ್ನು ಅಂಗೈಯಗಲದ ಪರದೆ ಮತ್ತೆ ದೂರ ಮಾಡುತ್ತಿದೆ.

ಹೊರದೇಶದಲ್ಲಿರುವ ನೆಂಟರಿಗೆ ಮೊಬೈಲ್‌ನಲ್ಲಿ ತೋರಿಸುವ ವಿಷಯ ಬೇರೆ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಕುವೈತ್, ದುಬೈ, ಕೆನಡಾದಲ್ಲಿ ಮಕ್ಕಳಿಲ್ಲದ ಕ್ರೈಸ್ತ ಮನೆ ನಮ್ಮ ಕಡೆ ಕಡಿಮೆ. 2020ರ ಲಾಕ್‌ಡೌನಿನಲ್ಲಿ ತಾಯಿಯ ಅಂತ್ಯಕ್ರಿಯೆಯನ್ನು ಮೊಬೈಲ್‌ನಲ್ಲಿ ನೋಡಿ ಅತ್ತ ಗಂಡಸರನ್ನು ನಾನು ಬಲ್ಲೆ. ಆ ಕಾಲದಲ್ಲಿ ಹಲವು ಇಗರ್ಜಿಗಳು ನೇರಪ್ರಸಾರಕ್ಕೆಂದು ಕ್ಯಾಮೆರಾ ಹಾಕಿಸಿಕೊಂಡವು. ಅವು ಈಗಲೂ ಇವೆ. ಒಂದೇ ಜಾಗದಲ್ಲಿ ನಿಂತು, ಯಾರ ಕಣ್ಣಿಗೂ ಅಡ್ಡ ಬಾರದೆ, ಎಲ್ಲವನ್ನೂ ತೋರಿಸುತ್ತವೆ. ದೂರದವರಿಗೆ ಅದು ಸಾಕಲ್ಲವೇ? ಅದಿದ್ದ ಮೇಲೂ ಹತ್ತು ಮೊಬೈಲ್‌ಗಳಿಂದ ಹತ್ತು ನೇರಪ್ರಸಾರ ಯಾಕೆ?

ಪೂಜೆ ಮುಗಿದ ಮೇಲಿನ ಗುಂಪು ಫೋಟೋದ ಬಗ್ಗೆಯೂ ಒಂದು ಮಾತು. ಆಗ ಶಿಸ್ತು ಸಂಪೂರ್ಣ ಸಡಿಲವಾಗುತ್ತದೆ. ಮಕ್ಕಳನ್ನು ಪೀಠದ ಮೇಲೆ ಕೂರಿಸುವುದು, ಬ್ಯಾಗು, ಹೂಗುಚ್ಛ ಅಲ್ಲೇ ಇಡುವುದು. ಒಮ್ಮೆ ನನ್ನ ಸಹಾಯಕ ಲೆನ್ಸಿನ ಮುಚ್ಚಳವನ್ನು ಪೀಠದ ಬಿಳಿ ಬಟ್ಟೆಯ ಮೇಲಿಟ್ಟಿದ್ದ. ಇಗರ್ಜಿಯ ಕೆಲಸ ನೋಡಿಕೊಳ್ಳುವ ಹಿರಿಯರೊಬ್ಬರು ಬಂದು, ಏನೂ ಮಾತನಾಡದೆ ಅದನ್ನು ಎತ್ತಿ ನನ್ನ ಕೈಗಿತ್ತು, ಬಟ್ಟೆಯ ನೆರಿಗೆ ಸರಿಮಾಡಿದರು. ಗುರುಗಳು ಪೂಜೆಯ ಆರಂಭದಲ್ಲಿ ಬಗ್ಗಿ ಮುತ್ತಿಡುವುದು ಅದೇ ಪೀಠಕ್ಕೆ. ಅದನ್ನು ಸಾವಿರ ಸಲ ಫೋಟೋ ತೆಗೆದ ನನಗೇ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಇನ್ನು ನನ್ನ ಬೇಡಿಕೆ. ಮದುವೆಗೆ ಹೆಸರು ಕೊಡಲು ಬರುವ ಜೋಡಿಗೆ ನೀವು ಎಷ್ಟೋ ಕಾಗದಪತ್ರ ಕೊಡುತ್ತೀರಿ, ತಯಾರಿಯ ಶಿಬಿರಕ್ಕೂ ಕಳುಹಿಸುತ್ತೀರಿ. ಆ ಕಾಗದಗಳ ಜೊತೆ ಛಾಯಾಗ್ರಾಹಕನಿಗೆಂದು ಒಂದು ಹಾಳೆ ಸೇರಿಸಿ. ಕನ್ನಡದಲ್ಲಿರಲಿ, ನಮ್ಮಲ್ಲಿ ಬಹಳ ಮಂದಿಗೆ ಕೊಂಕಣಿ ಬಾರದು, ಇಂಗ್ಲಿಷ್ ಓದುವ ವ್ಯವಧಾನವಿಲ್ಲ. ಎಲ್ಲಿಯವರೆಗೆ ಬರಬಹುದು, ಯಾವ ಗಳಿಗೆಯಲ್ಲಿ ಕ್ಯಾಮೆರಾ ಕೆಳಗಿಳಿಸಬೇಕು, ಒಟ್ಟು ಎಷ್ಟು ಜನ, ದೀಪ ಬೇಕೋ ಬೇಡವೋ, ಇಷ್ಟೇ ಸಾಕು. ಜೋಡಿಯ ಸಹಿ, ನಮ್ಮ ಸಹಿ ಎರಡೂ ಇರಲಿ. ಅಕ್ಕಪಕ್ಕದ ಇಗರ್ಜಿಗಳು ಕೂಡಿ ಒಂದೇ ಹಾಳೆ ಮಾಡಿಕೊಂಡರೆ ಇನ್ನೂ ಉತ್ತಮ. ಪೂಜೆಗೆ ಮೊದಲು ಮೈಕಿನಲ್ಲಿ ನೆಂಟರಿಗೂ ಒಂದು ಮಾತು ಹೇಳಿ, ಸಿಟ್ಟಿಲ್ಲದೆ. ದೈವದ ನೇಮದಲ್ಲಿಯೂ ಈಗ ಎಷ್ಟೋ ಕಡೆ ಚಿತ್ರೀಕರಣ ಬೇಡವೆಂದು ಮೊದಲೇ ಹೇಳುತ್ತಾರೆ, ಜನ ಕೇಳುತ್ತಾರೆ. ನಮ್ಮ ನಾಡಿನವರಿಗೆ ಅದು ಅರ್ಥವಾಗದ ಮಾತಲ್ಲ.

ನಮಗೆ ಓಡಾಡಲು ಜಾಗವಿಲ್ಲದೆ ಹೋಗುವುದೆಂಬ ಹೆದರಿಕೆ ಬೇಡ. ಮದುವೆಯ ಹಿಂದಿನ ದಿನದ ರೋಸ್ ಇದೆಯಲ್ಲ, ತೆಂಗಿನ ಹಾಲು ಹಚ್ಚುವ ಆ ಗದ್ದಲದಲ್ಲಿ ಕ್ಯಾಮೆರಾ ಎಷ್ಟು ಹತ್ತಿರ ಹೋದರೂ ಯಾರಿಗೂ ಬೇಸರವಿಲ್ಲ. ನನ್ನ ಅಂಗಿಗೂ ನಾಲ್ಕು ಹನಿ ಬೀಳದಿದ್ದರೆ ಮನೆಯವರಿಗೆ ಸಮಾಧಾನವಿಲ್ಲ. ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಮಕ್ಕಳು ಬುಟ್ಟಿಯಿಂದ ಹೂ ಹಿಡಿದು ಮರಿಯಮ್ಮನ ಮುಂದೆ ಎರಚುವಾಗ, ತೆನೆಯ ಮೆರವಣಿಗೆ ಹೊರಟಾಗ, ಕೈಗೆ ಕಬ್ಬು ಸಿಕ್ಕ ಮಗು ಅಲ್ಲೇ ಸಿಪ್ಪೆ ಕಚ್ಚುವಾಗ ನಾವು ಮನಸೋ ಇಚ್ಛೆ ತೆಗೆಯುತ್ತೇವೆ. ಅಂಗಳ ನಮ್ಮದೇ. ಒಳಗಿನ ಒಂದು ಗಂಟೆಯ ಮಾತಷ್ಟೇ ನಾನು ಆಡುತ್ತಿರುವುದು.

ಆ ಹುಡುಗ ಈ ಕೆಲಸ ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದ. ಬಿಡಬೇಡ ಎಂದಿದ್ದೇನೆ. ನವೆಂಬರ್‌ನಲ್ಲಿ ಮದುವೆಗಳು ಮತ್ತೆ ಆರಂಭವಾಗುತ್ತವೆ, ಮೊದಲ ಮದುವೆಗೆ ಅವನನ್ನು ಜೊತೆಗೆ ಕರೆತರುತ್ತೇನೆ. ಪೂಜೆಗೆ ಒಂದು ಗಂಟೆ ಮೊದಲೇ ಬಂದು ಬಾಗಿಲ ಬಳಿ ಚಪ್ಪಲಿ ಬಿಟ್ಟು ಕಾಯುತ್ತೇವೆ. ಯಾವ ಇಗರ್ಜಿಯವರಾದರೂ ಕರೆದರೆ, ನಮ್ಮ ಕಸುಬಿನ ಇತರರನ್ನೂ ಕೂಡಿಸಿಕೊಂಡು ಬಂದು ಕೂರಲು ನಾನು ಸಿದ್ಧ. ಹತ್ತು ನಿಮಿಷ ಕೊಡಿ. ಸೀಮೆಸುಣ್ಣ ನಾನೇ ತರುತ್ತೇನೆ, ಗೆರೆಯನ್ನು ನೀವು ಎಳೆಯಿರಿ.

ಇತಿ ನಿಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ಮದುವೆ ಛಾಯಾಗ್ರಾಹಕ